ಆಳಾಗಿ ಬಂದ ಮಗ

ಹದಿನಾಲ್ಕು ವರ್ಷಗಳ ನಂತರ ಸಂಗನಬಸವ ತನ್ನ ಊರು ಯಾವಗಲ್ಲಿಗೆ ಬಂದಾಗ ಅವನ ಅಪ್ಪ ಅಂದಾನಪ್ಪ ಕಟ್ಟೆಯ ಮೇಲೆ ಕೂತಿದ್ದರು. ಮಗನನ್ನು ನೋಡಿ, "ಯಾರ್ರಿ? ಯಾರ ಬೇಕಾಗಿತ್ತು?" ಎಂದರು.

ಮರೆವಿನ ರೋಗ ಎಂದು, ಅಪ್ಪನನ್ನು ನೋಡಿಕೊಳ್ಳುತ್ತಿದ್ದ ತಂಗಿ ಶ್ವೇತಾ ಫೋನಿನಲ್ಲಿ ಹೇಳಿದ್ದಳು. ಅದು ಇಷ್ಟು ಬೆಳೆದಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಅಪ್ಪಾ, ಅಣ್ಣ ಬಂದಾನ," ಎಂದಳು ಶ್ವೇತಾ.

ಅಂದಾನಪ್ಪ ಕೋಲೆತ್ತಿದರು. "ನನ್ನ ಮಗನ ಹೆಸರ ಹೇಳ್ಕೊಂಡ ಮನಿ ಹೊಗಾಕ ಬಂದಾನ! ಹೊರಗ ಹಾಕ ಇವನ್ನ!"

ಅವ್ವನನ್ನು ಅಪ್ಪ ಹೊತ್ತಿಗೆ ಸರಿಯಾಗಿ ದವಾಖಾನೆಗೆ ಒಯ್ಯಲಿಲ್ಲ ಎಂಬ ಸಿಟ್ಟಿನಲ್ಲಿ, ಅವಳನ್ನು ಮಣ್ಣು ಮಾಡಿದ ದಿನವೇ ಸಂಗನಬಸವ ಮನೆ ಬಿಟ್ಟು ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯಲು ಹೋಗಿದ್ದ. ಈಗ ಕಾಲಿಗೆ ಬೀಳಲು ಬಂದರೆ, ಕ್ಷಮಿಸಬೇಕಾದವರಿಗೆ ಅವನ ಗುರುತೇ ಇರಲಿಲ್ಲ.

ಪಕ್ಕದ ಮನೆಯ ನಿವೃತ್ತ ಮಾಸ್ತರ ವೇದವ್ಯಾಸರು ಒಳಗೆ ಕರೆದು ಚಹಾ ಕೊಟ್ಟರು.

"ಯೇಸು ಒಂದ ಕತಿ ಹೇಳ್ಯಾನ. ಮನಿ ಬಿಟ್ಟ ಮಗಾ ಹೊಳ್ಳಿ ಬರ್ತಾನ. ಅಪ್ಪ ದೂರದಿಂದನ ಗುರ್ತ ಹಿಡದು ಓಡಿ ಬಂದು ತೆಕ್ಕಿ ಬಡೀತಾನ."

"ನನಗ ಹಂಗ ಆಗ್ಲಿಲ್ರಿ."

"ಬೌದ್ಧರ ಕತಿ ಬ್ಯಾರೆ ಅದ. ಅದರಾಗ ಮಗಾ ತನ್ನ ಅಪ್ಪನ್ನ ಮರತಿರ್ತಾನ, ದೊಡ್ಡ ಮನಿ ನೋಡಿ ಅಂಜಿ ಓಡ್ತಾನ. ಅಪ್ಪ ತನ್ನ ಗುರ್ತ ಹೇಳೂದಿಲ್ಲ. ಸಗಣಿ ಬಳಿಯೋ ಕೆಲಸಾ ಕೊಟ್ಟು, ಅಂಜಿಕಿ ಹೋಗೂತನಾ ಹತ್ರ ಇಟ್ಕೋತಾನ. ಎರಡೂ ಮನಷ್ಯಾ ಎಚ್ಚರಾಗೋ ಕತಿನ, ತಮ್ಮಾ. ಒಬ್ಬಗ ಲಗೂ ಆಗ್ತದ, ಒಬ್ಬಗ ತಡಾ."

ಮರುದಿನ ಸಂಗನಬಸವ ಹಿತ್ತಲ ಬಾಗಿಲಿನಿಂದ ಬಂದ. ತನ್ನ ಹೆಸರು ಮೈಲಾರಪ್ಪ, ದನ ನೋಡಿಕೊಳ್ಳುವ ಆಳು ಎಂದ. ಅಂದಾನಪ್ಪ ಒಪ್ಪಿದರು.

ಎಂಟು ತಿಂಗಳು ಅವನು ಸಗಣಿ ಬಳಿದ, ಅಪ್ಪನ ಮೈ ತೊಳೆದ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದ. ಒಂದು ಸಂಜೆ ಕಾಲು ತೊಳೆಯುತ್ತಿದ್ದಾಗ ಅಂದಾನಪ್ಪ ಅವನ ಹೆಗಲು ಹಿಡಿದರು.

"ಮೈಲಾರಪ್ಪಾ, ನನ್ನ ಮಗಾ ಬರೂತನಾ ನಾ ಇರ್ತೀನೋ ಇಲ್ಲೋ. ಅವರವ್ವನ್ನ ಲಗೂ ದವಾಖಾನಿಗೆ ಒಯ್ಬೇಕಾಗಿತ್ತು. ತಪ್ಪ ನಂದ ಅಂತ ಅವಗ ಹೇಳ."

ನಾನೇ ಅವನು ಎಂದರೆ ಅಪ್ಪ ಮತ್ತೆ ಬೆದರುತ್ತಿದ್ದರು. ಸಂಗನಬಸವ ತಲೆ ತಗ್ಗಿಸಿ ಪಾದ ಒರೆಸಿದ. ತಾನು ಪರಊರಿನಲ್ಲಿ ಹೊತ್ತು ತಿರುಗಿದ ಅವ್ವನ ಸಾವನ್ನು ಅಪ್ಪನೂ ಇಲ್ಲಿ ದಿನಾ ಹೊತ್ತಿದ್ದರೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಹೇಳ್ತೀನ್ರಿ. ಅವಗ ಈಗ ಸಿಟ್ಟಿಲ್ರಿ."

"ನಿನಗ ಹ್ಯಾಂಗ ಗೊತ್ತು?"

ಅವನು ನೀರಿನ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದ.

ದೀಪಾವಳಿಗೆ ಮುಂಚೆ ಅಂದಾನಪ್ಪ ತೀರಿಕೊಂಡರು. ಕೊನೆಯ ದಿನವೂ "ಸಂಗ್ಯಾ ಬಂದನೇನು?" ಎಂದು ಅವನನ್ನೇ ಕೇಳಿದ್ದರು. ಕುಣಿಯ ದಂಡೆಯಲ್ಲಿ ಮಗ ಮೊದಲು ಮಣ್ಣು ಹಾಕಲಿ ಎಂದು ಯಾರೋ ಕರೆದರು. ಅವನು ಹಿಡಿ ಮಣ್ಣು ಹಾಕಿ, "ಅಪ್ಪಾ" ಎಂದ. ಊರಿಗೆ ಬಂದ ಮೇಲೆ ಅವರನ್ನು ಹಾಗೆ ಕರೆದದ್ದು ಅದೇ ಮೊದಲು.