ಕೊರೆದ ಬಾವಿಯ ಅಂಚಿನಲ್ಲಿ ಉಳಿದಿದ್ದು

“ನೀನು ಕೊಟ್ಟ ತಳಾನ ನೀನು ಕೊಟ್ಟ ಹಾಗೇ ಮುಂದಿನವರಿಗೆ ಬಿಟ್ಟು ಹೋಗ್ತೀನಪ್ಪ.”

ಹಾಸಿಗೆ ಹಿಡಿದಿದ್ದ ತಂದೆಯ ಕೈ ಮುಟ್ಟಿ ಬೋಟಿನ ಯಜಮಾನ ಹೀಗೆ ಮಾತು ಕೊಟ್ಟಾಗ ಅವನ ಮೀಸೆ ಇನ್ನೂ ಕಪ್ಪಗಿತ್ತು. ತಳ ಎಂದರೆ ದಡದಿಂದ ಬಹುದೂರ, ನೂರಾರು ಮಾರು ಆಳದಲ್ಲಿದ್ದ ಹವಳದ ದಿಬ್ಬ. ಬಿಸಿಲೇ ಇಳಿಯದ ಜಾಗ. ತಂದೆಯೂ ಅದನ್ನು ಕಣ್ಣಾರೆ ಕಂಡವನಲ್ಲ. ಸೀಸದ ಗುಂಡಿನ ಅಡಿಗೆ ಗ್ರೀಸ್ ಮೆತ್ತಿ, ಹಗ್ಗ ಕಟ್ಟಿ ಇಳಿಸಿ, ಮೇಲೆಳೆದು, ಅಂಟಿಕೊಂಡು ಬಂದ ಚೂರುಗಳನ್ನು ಬೆರಳಲ್ಲಿ ತಿಕ್ಕಿ ನೋಡಿಯೇ ತಳವನ್ನು ಅರಿತವನು. ಅಲ್ಲಿ ಅವನು ಗಾಳ ಹಾಕುತ್ತಿದ್ದ. ಬಲೆ ಎಳೆಯುತ್ತಿರಲಿಲ್ಲ.

ತಂದೆ ಹೋದ ಮೇಲೆ ಎಣ್ಣೆ ಕಂಪನಿಯ ಹಡಗು ಬಂತು. ದಿಬ್ಬದ ನಡುವೆ ಬಾವಿ ಕೊರೆಯಿತು. ಕೊರೆದ ಕಲ್ಲಿನ ಪುಡಿ, ಕೆಸರು ಎಲ್ಲ ಅಲ್ಲೇ ಸುರಿಯಿತು. ವರ್ಷಗಳು ಕಳೆದು ಎಣ್ಣೆ ಮುಗಿದಾಗ ಬಾವಿಯ ಬಾಯಿ ಮುಚ್ಚಿ ಹೊರಟೂ ಹೋಯಿತು. ಅದರ ಸುತ್ತ ತಳಕ್ಕೆ ತಾಗುವ ಬಲೆ ಎಳೆಯಬೇಡಿ ಎಂದು ಮೀನುಗಾರಿಕೆ ಇಲಾಖೆಯವರು ಹೇಳಿದ್ದರು. ಕಾಯಲು ಯಾರೂ ಇರಲಿಲ್ಲ.

ಈಚೆಗೆ ಒಂದು ದಿನ ಬೋಟಿನಲ್ಲಿದ್ದ ಮೀನು ಹುಡುಕುವ ಯಂತ್ರದ ಪರದೆಯ ಮೇಲೆ ಅದೇ ಜಾಗದಲ್ಲಿ ಮೀನಿನ ಗುಂಪು ದಟ್ಟವಾಗಿ ಕಂಡಿತು. ಯಜಮಾನನಿಗೆ ಕೈ ಕಟ್ಟಿ ಕೂರಲು ಆಗಲಿಲ್ಲ. ಬಲೆ ಇಳಿಸಿದ. ಒಂದೇ ಎಳೆತಕ್ಕೆ ಬೋಟು ತುಂಬಿತು, ಬಲೆಯೂ ಹರಿಯಿತು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಹೆಂಡತಿ ಬಲೆ ಹೊಲಿಯಲು ಕೂತಳು. ಬಲೆಯ ಕಣ್ಣುಕಣ್ಣಿಗೂ ಬಿಳಿ ಕಡ್ಡಿಯಂಥ ಚೂರುಗಳು ಸಿಕ್ಕಿಕೊಂಡಿದ್ದವು. ಕಿತ್ತು ಕಿತ್ತು ಅವಳ ಬೆರಳು ಸೀಳಿತು. ಮೀನು ನಿಮ್ಮ ಪಾಲಿಗೆ, ಸಮುದ್ರದ ಕಸ ನನ್ನ ಪಾಲಿಗೆ ಎಂದು ಗಂಡನಿಗೆ ಕೇಳುವ ಹಾಗೆಯೇ ಗೊಣಗುತ್ತ, ಎಲ್ಲವನ್ನೂ ಗುಡಿಸಿ ಮೂಲೆಗೆ ತಳ್ಳಿದಳು.

ಅದೇ ಹೊತ್ತಿಗೆ ಮಗಳು ರಜೆಯ ಮೇಲೆ ಮನೆಗೆ ಬಂದಳು. ಸಮೀಕ್ಷೆ ಹಡಗಿನಲ್ಲಿ ಅವಳ ಕೆಲಸ. ಆಳಕ್ಕೆ ಕ್ಯಾಮೆರಾ ಇಳಿಸಿ, ಕೊರೆದ ಜಾಗಗಳು ಹೇಗಿವೆ ಎಂದು ನೋಡುವುದು. ಹೆಗಲಿನ ಬ್ಯಾಗನ್ನೂ ಇಳಿಸದೆ ಅವಳು ಆ ಕಸದ ಗುಡ್ಡೆಯ ಮುಂದೆ ಕೂತುಬಿಟ್ಟಳು. ಒಂದು ಚೂರು ಎತ್ತಿ ಬೆಳಕಿಗೆ ಹಿಡಿದಳು. ಎಲ್ಲಿ ಬಲೆ ಎಳೆದೆ ಎಂದು ಅಪ್ಪನನ್ನು ಕೇಳಿದಳು.

“ಹಳೇ ಬಾವಿ ಹತ್ರ. ತಳ ವಾಸಿಯಾಗಿದೆ ಪುಟ್ಟಿ. ಇಲ್ದಿದ್ರೆ ಅಷ್ಟು ಮೀನು ಯಾಕೆ ಬರುತ್ತೆ?”

“ಮೀನು ನೆಂಟರಿದ್ದ ಹಾಗಪ್ಪ. ಬರುತ್ತೆ, ಹೋಗುತ್ತೆ. ನೀನು ಕಿತ್ಕೊಂಡು ಬಂದಿರೋದು ಮನೆ ಗೋಡೆ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಕೊರೆದವರು ಹೋದ ಮೇಲೆ ಕೆಸರಿನಲ್ಲಿ ಹರಿದಾಡುವ ಹುಳು, ಏಡಿಗಳು ಕೆಲವೇ ವರ್ಷಗಳಲ್ಲಿ ತಿರುಗಿ ಬರಬಹುದು. ಹವಳಕ್ಕೆ ಅದು ಆಗದು. ಅದಕ್ಕೆ ಅಂಟಿಕೊಳ್ಳಲು ಗಟ್ಟಿ ನೆಲ ಬೇಕು, ಆ ನೆಲ ಕೆಸರಿನಡಿ ಹೂತುಹೋಗಿದೆ. ಆಳದ ತಣ್ಣೀರಿನಲ್ಲಿ ಅದರ ಬೆಳವಣಿಗೆಯೂ ಬಲು ನಿಧಾನ. ದಿಬ್ಬದ ನಡುವಿನದು ಸತ್ತರೂ ಅಂಚಿನಲ್ಲಿ ಒಂದಿಷ್ಟು ಬದುಕಿತ್ತು. ಅದರ ಮರಿಗಳು ನೀರಿನಲ್ಲಿ ತೇಲಿ ಹೋಗಿ ಮತ್ತೆ ನಡುವೆ ನೆಲೆಯೂರಬೇಕಿತ್ತು. ಬೀಜಕ್ಕೆಂದು ಎತ್ತಿಟ್ಟಿದ್ದು ಅದೊಂದೇ, ಬಲೆ ಕಿತ್ತು ತಂದಿದ್ದೂ ಅದನ್ನೇ.

ಯಜಮಾನ ಒಪ್ಪಲಿಲ್ಲ. ಕ್ಯಾಮೆರಾದಲ್ಲಿ ಏನು ಬೇಕಾದರೂ ತೋರಿಸಬಹುದು, ನಾಳೆ ಮತ್ತೆ ಅಲ್ಲಿಗೇ ಹೋಗುತ್ತೇನೆ, ಉಳಿದ ಬೋಟಿನವರೂ ಬರುತ್ತಾರೆ ಎಂದ.

“ನಿಮ್ಮಪ್ಪಂಗೆ ಕಿವಿ ಇರೋದು ಪೆನ್ಸಿಲ್ ಸಿಕ್ಕಿಸ್ಕೊಳ್ಳೋಕೆ ಕಣೆ,” ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

ಮಗಳು ವಾದಕ್ಕಿಳಿಯಲಿಲ್ಲ. ಶೆಡ್ಡಿನ ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಸೀಸದ ಗುಂಡನ್ನು ತೆಗೆದು ಅಪ್ಪನ ಮುಂದಿಟ್ಟಳು. “ನನ್ನ ಮಾತು ಬೇಡ. ತಾತನ್ನೇ ಕೇಳು.”

ಮಾರನೆಯ ದಿನ ಅಪ್ಪ ಮಗಳು ಇಬ್ಬರೇ ಹೋದರು. ಬಾವಿಯ ಹತ್ತಿರ ಗುಂಡು ಇಳಿಸಿದಾಗ ಬೂದುಬಣ್ಣದ ಅಂಟುಕೆಸರು ಬಂತು. ಮೂಗಿಗೆ ಎಣ್ಣೆ ವಾಸನೆ ಹೊಡೆಯಿತು. ಇದು ಕಂಪನಿಯವರ ಪಾಪ, ನನ್ನದಲ್ಲ ಎಂದ ಯಜಮಾನ. ಅವಳು ಹೌದೆಂದಳು. ಅವನು ಬಲೆ ಎಳೆದಿದ್ದ ಅಂಚಿಗೆ ಬೋಟನ್ನು ತಿರುಗಿಸಿದಳು.

ಅಲ್ಲಿ ಗುಂಡಿಗೆ ಅಂಟಿ ಬಂದಿದ್ದು ಮುರಿದ ಪುಡಿ, ಕೆಸರು. ಯಜಮಾನ ಗ್ರೀಸ್ ಒರೆಸಿ, ಹೊಸದು ಮೆತ್ತಿ, ಮತ್ತೆ ಇಳಿಸಿದ. ಮತ್ತೆ ಪುಡಿ. ತಂದೆ ತಿಕ್ಕುತ್ತಿದ್ದ ಹಾಗೆಯೇ ಬೆರಳಲ್ಲಿ ತಿಕ್ಕಿ ನೋಡಿದ. ಬೋಟನ್ನು ಸರಿಸಿ ಸರಿಸಿ ಇಳಿಸಿದ, ತೋಳು ಸೋಲುವ ತನಕ. ಬಲೆಯ ದಾರಿ ದಾಟಿದ ಮೇಲೆ ಒಮ್ಮೆ, ಉಗುರಿನಷ್ಟು ಉದ್ದದ ಬಿಳಿ ಕವಲೊಂದು ಬಂತು. ಅದಕ್ಕೆ ನೂಲಿನಂಥ ಕಾಲುಗಳ ಪುಟ್ಟ ಜೀವಿಯೊಂದು ಸುತ್ತಿಕೊಂಡಿತ್ತು. ಅದು ಒಂದು ಕಾಲನ್ನು ಎತ್ತಿತು, ಇಳಿಸಿತು. ಆಮೇಲೆ ಅಲುಗಲಿಲ್ಲ.

“ಮತ್ತೆ ಬೆಳೆಯುತ್ತಾ?” ಎಂದ ಯಜಮಾನ.

“ಅದರ ಪಾಡಿಗೆ ಬಿಟ್ರೆ ಬೆಳೆಯಬಹುದು. ಆದ್ರೆ ಮೊದಲಿನ ಹಾಗಾಗೋದನ್ನ ನೀನು ನೋಡಲ್ಲಪ್ಪ. ನಾನೂ ನೋಡಲ್ಲ.”

ದಡ ಮುಟ್ಟಿದ ಮೇಲೆ ಅವನು ನೇರ ಶೆಡ್ಡಿಗೆ ನಡೆದ. ಮೂಲೆಯ ಗುಡ್ಡೆಯನ್ನು ಒಲೆಬೂದಿಯ ಜೊತೆ ಸುರಿದು ಬರಲು ಹೊರಟಿದ್ದ ಹೆಂಡತಿಯ ಕೈಯಿಂದ ಮೊರ ತೆಗೆದುಕೊಂಡ. ಬೋಟಿನವರ ಸಂಘದಲ್ಲಿ ಆ ಚೂರುಗಳನ್ನು ಎಲ್ಲರ ಮುಂದೆ ಸುರಿದ. ಇದು ನಾನು ಮಾಡಿದ್ದು, ನೀವು ಮಾಡಬೇಡಿ ಎಂದ. ಕೆಲವರು ನಕ್ಕರು. ನಿನ್ನ ಬೋಟು ತುಂಬಿದ ಮೇಲೆ ನಮಗೆ ಬುದ್ಧಿ ಹೇಳ್ತೀಯ ಎಂದ ಒಬ್ಬ. ಆದರೆ ಮರುದಿನ ಆ ದಿಕ್ಕಿಗೆ ಯಾವ ಬೋಟೂ ಹೋಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೀನು ಕಂಡಿತೆಂದು ತಳ ವಾಸಿಯಾಯಿತು ಎಂದುಕೊಳ್ಳಬೇಡಿ. ಕೊರೆದ ಜಾಗದ ಸುತ್ತ ಬಲೆ ಎಳೆಯಬೇಡಿ, ಎಳೆಯುವವರನ್ನು ಕಂಡರೆ ಸುಮ್ಮನಿರಬೇಡಿ. ನಾಳೆ ಇನ್ನೊಂದು ಹಡಗು ಕೊರೆಯಲು ಬಂದರೆ, ತಳದಲ್ಲಿ ಏನಿದೆ ಎಂದು ಮೊದಲು ನಮಗೆ ತೋರಿಸಿ ಎಂದು ಪಟ್ಟು ಹಿಡಿದು ಕೇಳಿ. ಸತ್ತ ಮೇಲೆ ಅದನ್ನು ತಿರುಗಿ ತರಲು ಯಾರ ಕೈಲೂ ಆಗುವುದಿಲ್ಲ. ಉಳಿದಿದ್ದನ್ನು ಮುಟ್ಟದೆ ಬಿಡುವುದೊಂದೇ ನಮ್ಮ ಕೈಲಿರುವುದು.

ತಂದೆ ಕೊಟ್ಟ ತಳವನ್ನು ಕೊಟ್ಟ ಹಾಗೆಯೇ ಬಿಟ್ಟು ಹೋಗುತ್ತೇನೆ ಎಂದು ಯಜಮಾನ ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.