ಮಾರುತಿಯ ರಾಜ ಕೋಟೆ ಕಟ್ಟುವುದಿಲ್ಲ

ನ್ಯಾಮತಿ ಬಸ್‌ಸ್ಟ್ಯಾಂಡಿನ ಎದುರು ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಾರುತಿ ಮೊಬೈಲಿನಲ್ಲಿ ಚೆಸ್ ಆಡುತ್ತಿದ್ದುದು ಬೀದಿ ಹೊಡೆದಾಟದ ಹಾಗೆ. ಶುರುವಿಗೇ ಮಂತ್ರಿಯನ್ನು ನುಗ್ಗಿಸುವುದು, ಬಿಟ್ಟಿ ಸಿಕ್ಕ ಕಾಯನ್ನು ಹಿಂದೆಮುಂದೆ ನೋಡದೆ ಕಡಿಯುವುದು. ಅವನು ಆಟ ಕಲಿತ ಜಗಲಿಕಟ್ಟೆಯಲ್ಲಿ ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವ ಪದ್ಧತಿ ಇರಲಿಲ್ಲ. ಅದರ ಬದಲು ಒಂದೇ ಒಂದು ಸಲ ರಾಜ ಕುದುರೆಯಂತೆ ನೆಗೆದು ಪಾರಾಗಬಹುದಿತ್ತು. ಮೊಬೈಲು ಆ ನೆಗೆತವನ್ನು ಒಪ್ಪುವುದಿಲ್ಲವೆಂದು ಎಷ್ಟು ಸಲ ಸೋತರೂ ಅವನ ಬೆರಳಿಗೆ ತಿಳಿಯಲಿಲ್ಲ. ಕೋಟೆ ಕಟ್ಟುವವರು ಹೇಡಿಗಳು ಎನ್ನುತ್ತಿದ್ದ. ಅವನ ರಾಜ ಸದಾ ನಟ್ಟನಡುವೆಯೇ ನಿಂತಿರುತ್ತಿದ್ದ.

ಸೋತ ಸಂಜೆ ಹೆಂಡತಿ ಚೈತ್ರಶ್ರೀಗೆ ಏಟು. ಸಾರಿಗೆ ಉಪ್ಪು ಕಮ್ಮಿ ಎಂಬ ನೆಪ ಸಾಕು. ಒಮ್ಮೆ ಕುಕ್ಕರಿನ ಮುಚ್ಚಳ ಬೀಸಿ ಹುಬ್ಬು ಸೀಳಿದ. ಒಮ್ಮೆ ತವರಿಗೆಂದು ಹೊರಟವಳನ್ನು ಬಸ್ಸಿನ ಮೆಟ್ಟಿಲಿನಿಂದ ಜಡೆ ಹಿಡಿದು ಎಳೆದು, ಊರೆಲ್ಲ ನೋಡುವಂತೆ ಒದ್ದ. ಇವನೂ ಒಬ್ಬ ಗಂಡಸು.

ಜಗಳೂರಿನಲ್ಲಿ ಅಪ್ಪ ಓಬಣ್ಣನ ಎದುರು ಕೂತು ಚೆಸ್ ಕಲಿತಿದ್ದ ಚೈತ್ರಶ್ರೀ ಒಂದು ಉಪಾಯ ಹೂಡಿದಳು. ‘ಹೊನ್ನಾಳಿ ಹುಲಿ’ ಎಂಬ ಹೆಸರಿನಲ್ಲಿ ಆಟಕ್ಕೆ ಸೇರಿ, ದಿನಾ ಸಂಜೆ ಗಂಡನನ್ನು ಕರೆದು ಸೋಲತೊಡಗಿದಳು. ಸೋಲುವುದೇನು ಸುಲಭವಲ್ಲ. ಅವನಿಗೆ ಬೆವರಿಳಿಸಿ, ಅನುಮಾನ ಬಾರದಂತೆ ಸೋಲಬೇಕು. ಅದಕ್ಕೆಂದೇ ಮಧ್ಯಾಹ್ನವೆಲ್ಲ ಯಾರ್ಯಾರ ಜೊತೆಗೋ ಆಡಿ ಗೆದ್ದು ಪಳಗಿದಳು. ಹುಲಿಯ ಅಂಕ ಮಾರುತಿಯದಕ್ಕಿಂತ ಮೇಲೇರಿತು, ಗೆದ್ದಾಗ ಅವನ ಕೊಬ್ಬೂ ಏರಿತು. ಹುಲಿಯ ಚರ್ಮ ಸುಲಿದೆನೆಂದು ಕೊಚ್ಚಿಕೊಳ್ಳುತ್ತ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ.

ಹಾಗೆ ಗೆದ್ದು ಬಂದ ಒಂದು ಸಂಜೆ, ಮಿರ್ಚಿ ಕೆಳಗೆ ಬೀಳಿಸಿದಳೆಂದು ಮಗಳು ಕಾವ್ಯಶ್ರೀಯ ಕೈ ತಿರುಚಿದ. ಮೂಳೆ ಲಟಕ್ಕೆಂದಿತು. ಗೆದ್ದರೂ ಹೊಡೆಯುತ್ತಾನೆ, ಹಾಗಾದರೆ ತಾನು ಇಷ್ಟು ದಿನ ಸೋತಿದ್ದೆಲ್ಲ ದಂಡ. ಚೈತ್ರಶ್ರೀಯ ಕೈಗೆ ಈಳಿಗೆ ಬಂದಿತ್ತು. ನೋವಿಗೆ ಒರಲುತ್ತಿದ್ದ ಮಗುವನ್ನು ನೋಡಿ ಕೆಳಗಿಟ್ಟಳು.

ಕೈಗೆ ಪ್ಲಾಸ್ಟರ್ ಹಾಕಿಸಿದ ಮರುದಿನ ಸಂಜೆ ಹುಲಿ ಮತ್ತೆ ಆಟಕ್ಕೆ ಕರೆಯಿತು. ತವರಿಗೆ ಹಿಡಿಯಬೇಕಾದ ಹೊನ್ನಾಳಿ ಬಸ್ಸು ಅವನ ಅಂಗಡಿಯ ಎದುರಿಗೇ ನಿಲ್ಲುತ್ತದೆ. ಅವನು ತಲೆ ಎತ್ತಿದರೆ ಈ ಸಲ ಹೆಣವೇ ಬೀಳುತ್ತದೆ ಎಂಬುದು ಚೈತ್ರಶ್ರೀಗೆ ಗೊತ್ತಿತ್ತು. ಹೆಗಲಿಗೆ ಬ್ಯಾಗು, ಕೈಯಲ್ಲಿ ಮೊಬೈಲು, ಸೆರಗು ಹಿಡಿದ ಮಗಳು. ಓಣಿಯ ತುದಿಯಲ್ಲಿ ಕುದುರೆಯನ್ನು ಅವನ ಬಾಯಿಗೆ ಕೊಟ್ಟಳು. ಕಡಿದ. ರಸ್ತೆ ದಾಟುತ್ತ ಆನೆ ಕೊಟ್ಟಳು. ಅದನ್ನೂ ಕಡಿದ.

“ಅಮ್ಮಾ, ಅಪ್ಪ ನೋಡ್ತಾನೆ.”

“ನೋಡಲ್ಲ ನಡಿ. ತಿನ್ನಾಕೆ ಕೊಟ್ಟೀನಿ.”

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಯಾರೋ ಗಿರಾಕಿ ಸುಟ್ಟ ಮೋಟಾರೊಂದನ್ನು ತಂದು ಅವನೆದುರು ದೊಪ್ಪನೆ ಇಳಿಸಿ ಹೋದ. ಮಾರುತಿಯ ಕತ್ತು ಮೇಲೇಳತೊಡಗಿತು. ಚೈತ್ರಶ್ರೀ ಮಂತ್ರಿಯನ್ನೇ ಎಸೆದಳು. ಮೊಬೈಲು ಸದ್ದು ಮಾಡಿತು, ಕತ್ತು ಮತ್ತೆ ಬಗ್ಗಿತು, ಮಂತ್ರಿಯನ್ನು ನುಂಗಿದ.

ಬಸ್ಸು ಹೊರಟಿತು. ಅವಳು ಉಳಿದಿದ್ದ ಕುದುರೆಯನ್ನು ಎತ್ತಿಟ್ಟಳು. ಅತ್ತ ಒಂಟೆ, ಇತ್ತ ಕುದುರೆ, ನಡುವೆ ಕೋಟೆಯಿಲ್ಲದ ರಾಜ. ಚೆಕ್‌ಮೇಟ್.

ಕಿಟಕಿಯಿಂದ ನೋಡಿದಳು. ಮಾರುತಿ ಗಾಜು ಒಡೆಯುವಂತೆ ಮೊಬೈಲನ್ನು ಕುಕ್ಕುತ್ತಿದ್ದ; ರಾಜನನ್ನು ನೆಗೆಸಲು ನೋಡುತ್ತಿದ್ದ. ಬಸ್ಸು ತಿರುವಿಗೆ ಬಂದಾಗ ಹುಲಿ ಬರೆದು ಕಳಿಸಿತು: “ಮನೆ ಕೀ ಪಕ್ಕದ್ಮನೆ ಪುಷ್ಪಾವತಕ್ಕನ ಹತ್ರ ಐತೆ. ನಾನು, ಕಾವ್ಯ ಇನ್ನು ಬರಲ್ಲ.”

ಮಾರುತಿ ಓದಿದ. ಸ್ಟೂಲಿನಿಂದ ಎದ್ದ. ಬಲಗೈ ರೂಢಿಯಂತೆ ಮೇಲೆದ್ದಿತು. ಎದುರಿಗೆ ಸುಟ್ಟ ಮೋಟಾರು ಬಿಟ್ಟರೆ ಹೊಡೆಯಲು ಯಾರೂ ಇರಲಿಲ್ಲ.