ಹಲ್ಲಲ್ಲಿ ಕಚ್ಚಿದ ಸೀಸ

“ಏನೇ ಇದು, ಕಾಗೆ ಹಿಕ್ಕೆ ಹಾಕಿದ ಹಾಗೆ ಬೆಸುಗೆ ಹಾಕಿದೀಯ? ಅನ್ನ ತಿನ್ತೀಯೋ ಮಣ್ಣು ತಿನ್ತೀಯೋ?”

ಅಮ್ಮಾವ್ರು ಬಾಗಿಲಾಚೆಯೇ ನಿಂತು ಬೈದು ಮಹಡಿ ಹತ್ತಿದರು. ಬಣ್ಣದ ಗಾಜಿನ ಚೂರು ಜೋಡಿಸಿ ದೀಪ ಮಾಡುವುದು ಅವರ ಹವ್ಯಾಸ. ಹೆರಿಗೆಯಾದ ಮೇಲೆ ಈ ಕೋಣೆಗೆ ಕಾಲಿಟ್ಟಿಲ್ಲ. ನೆಲ ಒರೆಸುತ್ತಿದ್ದ ನನ್ನನ್ನು ಮೇಜಿನ ಮುಂದೆ ಕೂರಿಸಿದರು. ದೀಪದ ಮೇಲಿನ ಹೆಸರು ಮಾತ್ರ ಇನ್ನೂ ಅವರದೇ. ಒಂದು ಕೈಯಲ್ಲಿ ಗಾಜು, ಇನ್ನೊಂದರಲ್ಲಿ ಕಾದ ಕಬ್ಬಿಣ. ಬೆಸುಗೆಯ ಸೀಸದ ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು. ಅವರನ್ನು ನೋಡಿಯೇ ಕಲಿತಿದ್ದೆ.

ನಡುಮನೆಯಲ್ಲಿ ಅವರ ಕೂಸು ಕಿರುಚಿಕೊಂಡಿತು. ನಾನೂ ಹೆತ್ತವಳು, ಕರುಳು ಕೇಳುತ್ತದೆಯೇ? ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ.

“ಮುಟ್ಟಬೇಡ್ವೇ, ಮುಂಡೇದೇ!” ಮೆಟ್ಟಿಲಿಂದಲೇ ಚೀರಿದರು. “ಕೈಯೆಲ್ಲ ಸೀಸ! ನನ್ನ ಕೂಸಿನ ತಲೆ ಹಾಳು ಮಾಡ್ತೀಯಾ? ಹಾಲು ಕುಡಿಸೋರು ಅದರ ಹತ್ರಾನೂ ಸುಳೀಬಾರ್ದು ಅಂತ ಡಾಕ್ಟರು ಬಡ್ಕೊಂಡಿದಾರೆ!”



“ಅಮ್ಮಾವ್ರೇ, ನಾನೂ ಕುಡಿಸ್ತೀನಲ್ಲ?”

ಅವರು ಕೂಸನ್ನೆತ್ತಿಕೊಂಡು ಕಣ್ಣು ತಪ್ಪಿಸಿದರು. “ನೀವೆಲ್ಲ ಗಟ್ಟಿ ಜೀವ, ಏನಾಗಲ್ಲ. ಹಿತ್ತಲ ನಲ್ಲೀಲಿ ಕೈ ತೊಳ್ಕೊ, ಹೋಗು. ಆಗಲ್ಲ ಅಂದ್ರೆ ಹೇಳು, ನಿನ್ನಂಥೋರು ಹತ್ತು ಜನ ಸಿಗ್ತಾರೆ.”

ಸಿಗುತ್ತಾರೆ, ಸುಳ್ಳಲ್ಲ. ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ. ಒಲೆ ಉರಿಯುವುದು ನನ್ನ ಕೂಲಿಯಿಂದ.

ಹಿತ್ತಲಲ್ಲಿ ಅತ್ತೆ ನಿಂತಿದ್ದರು, ಕಂಕುಳಲ್ಲಿ ನನ್ನ ಮಗಳು. ದಿನವೂ ಮಧ್ಯಾಹ್ನ ಹಾಲಿಗೆಂದು ತರುತ್ತಾರೆ.

“ಬೇಗ ಕೊಡೇ, ಹಸಿದು ಬಾಯಿ ಬಿಡ್ತಾ ಇದೆ.”

ಚಾಚಿದ ಕೈ ಹಿಂದೆಳೆದುಕೊಂಡೆ. ನಿನ್ನೆ ಇದೇ ಬೆರಳನ್ನು ಅವಳು ಚೀಪಿದ್ದಳು. ಇದೇ ಸೆರಗಿನಲ್ಲಿ ಸುತ್ತಿ ಮಲಗಿಸಿದ್ದೆ.

“ಅತ್ತೆ, ಒಳಗೆ ಬನ್ನಿ.”

“ಹುಚ್ಚು ಹಿಡೀತೇನೇ? ನಮ್ಮನ್ನ ಬಿಡ್ತಾರಾ?”

ಬಿಡುವುದಿಲ್ಲ. ಅತ್ತೆಯನ್ನು ಎಳೆದುಕೊಂಡೇ ಅಮ್ಮಾವ್ರ ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿದೆ. ಅವರ ಸೋಪಿನಲ್ಲಿ ಮೊಣಕೈವರೆಗೂ ಉಜ್ಜಿದೆ, ಬಾಯಿ ಮುಕ್ಕಳಿಸಿದೆ, ಕೆಲಸದ ಬಟ್ಟೆ ಕಿತ್ತೆಸೆದು ಅವರ ಒಗೆದ ನಿಲುವಂಗಿ ತೊಟ್ಟೆ.

ಅಮ್ಮಾವ್ರು ಬಾಗಿಲನ್ನು ದಬದಬ ಬಡಿಯತೊಡಗಿದರು. “ತೆಗಿಯೇ, ಬೇವರ್ಸಿ! ಪೊಲೀಸ್ ಕರೀತೀನಿ!”

“ಕರೀರಿ! ಮೊದಲು ನಿಮ್ಮ ಡಾಕ್ಟರನ್ನ ಕರೀರಿ! ಸೀಸ ಕಚ್ಚಿದ ನನ್ನ ಹಾಲನ್ನ ಮಗೂಗೆ ಕೊಡಬಹುದೋ ಬೇಡ್ವೋ ಅವರ ಬಾಯಲ್ಲೇ ಕೇಳ್ಬೇಕು. ಅಲ್ಲೀವರೆಗೂ ಅಗುಳಿ ತೆಗಿಯಲ್ಲ!”

ಮಗಳು ಅತ್ತೂ ಅತ್ತೂ ಬಿಕ್ಕುತ್ತಿದ್ದಳು. “ಕೊಡೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ,” ಅತ್ತೆ ಗೋಗರೆದರು. ಎದೆಹಾಲು ತಾನಾಗಿಯೇ ಸುರಿದು ನಿಲುವಂಗಿ ಒದ್ದೆಯಾಗುತ್ತಿತ್ತು. ಎರಡೂ ಕೈಯಿಂದ ಎದೆಯನ್ನು ಅದುಮಿಕೊಂಡು ನಾನು ಗೋಡೆಗೆ ಒತ್ತಿ ನಿಂತಿದ್ದೆ.